ತೊಟ್ಟಿಯ ಒಳಗೋಡೆ

ತಕಿಯಾ ಓಡಿ ಬರುವಷ್ಟರಲ್ಲಿ ತಮ್ಮನ ಎರಡು ಬೆರಳು ಮುರಿದಾಗಿತ್ತು. ನಶ್ವಾನನನ್ನು ನೀರಿನ ತೊಟ್ಟಿಯ ಕೊಂಡಿಗೇ ಕಟ್ಟಿದ್ದರು. ಕೇರಿಯ ಮುಖಂಡ ಮುಕ್ಬಿಲನ ಮಗ ಘಾಲಿಬ್, ಅವನ ಮೂರನೆಯ ಬೆರಳನ್ನು ಕಲ್ಲಿಗೆ ಒತ್ತಿ ಹಿಡಿಸಿ ಬಂದೂಕಿನ ಹಿಡಿಯಿಂದ ಜಜ್ಜಿದ. ನಶ್ವಾನ್ ಕೂಗಲಿಲ್ಲ. ಬಾಯಿಗೂ ಏಟು ಬಿದ್ದಿತ್ತು.

ತಯೀಜ್ ನಗರಕ್ಕೆ ಮುತ್ತಿಗೆ ಬಿದ್ದು ಎರಡನೆಯ ವರ್ಷ. ಹಳೆಯ ತೊಟ್ಟಿ ಶೆಲ್ಲಿಗೆ ಸಿಕ್ಕಿ ಒಡೆದ ಮೇಲೆ, ಚೂರು ತೂರದಂತೆ ಎರಡು ಸಾಲು ಕಲ್ಲಿಟ್ಟು ಹೊಸದನ್ನು ಕಟ್ಟಿದ್ದರು. ಮೊದಲ ಸಲ ತುಂಬಿಸಿದ ದಿನ ಘಾಲಿಬ್ ಅಳೆದು, ಎಂಟು ಸಾವಿರದ ಆರುನೂರ ನಲವತ್ತು ಲೀಟರ್ ಎಂದು ಸಾರಿದ್ದ. ಇಪ್ಪತ್ತು ಲೀಟರಿನ ಡಬ್ಬಗಳಲ್ಲಿ ನಾನೂರ ಮೂವತ್ತೆರಡು. ಹಂಚಲು ಹೊರಟರೆ ಮುನ್ನೂರಕ್ಕೇ ತಳ ಕಂಡಿತು. ಉಳಿದದ್ದನ್ನು ಕಾವಲಿಗಿದ್ದ ನಶ್ವಾನ್ ಕದ್ದನೆಂದು ತೀರ್ಮಾನವಾಯಿತು. ಬಾಯಿ ಬಿಡದಿದ್ದರೆ ಮುಂದಿನದು ಗುಂಡು.

ತಮ್ಮ ಕದ್ದ ನೀರಲ್ಲಿ ಅಕ್ಕ ಮಿಂದು ಬಂದಳೆಂದು ಯಾರೋ ಹಂಗಿಸಿದರು. ತಕಿಯಾ ತಿರುಗಿ ನೋಡಲಿಲ್ಲ. ತೊಟ್ಟಿಯನ್ನು ಎಲ್ಲಿಂದ ಅಳೆದೆ ಎಂದು ಘಾಲಿಬನನ್ನು ಕೇಳಿದಳು.

"ಹೊರಗಿಂದ. ಕುಡಿಯೋ ನೀರಿನ ತೊಟ್ಟೀಲಿ ಕಾಲಿಡೋಕೆ ನಾವೇನು ದನಾನಾ?"

ಅವಳು ಅವನ ಅಳತೆಯ ಟೇಪು ತೆಗೆದುಕೊಂಡು, ಚಪ್ಪಲಿ ಬಿಟ್ಟು, ಗೋಡೆ ಹತ್ತಿ, ತೊಟ್ಟಿಯ ಬಾಯಿಯೊಳಗೆ ಇಳಿದಳು. ಹೆಂಗಸರು ಮುಖ ಮುಚ್ಚಿಕೊಂಡರು. ಒಬ್ಬ ಬಂದೂಕು ಎತ್ತಿ ಗುರಿ ಹಿಡಿದ. ಮುಕ್ಬಿಲ್ ಅವನ ನಳಿಗೆಯನ್ನು ನೆಲಕ್ಕೆ ತಗ್ಗಿಸಿದ. ಒಳಗಿನಿಂದ ಟೇಪು ಕಲ್ಲಿಗೆ ಉಜ್ಜುವ ಸದ್ದು ಬಂತು, ಆಮೇಲೆ ಅವಳ ದನಿ.

"ಇನ್ನೂರು ಸೆಂಟಿಮೀಟರ್ ಉದ್ದ, ಇನ್ನೂರು ಅಗಲ, ನೂರೈವತ್ತು ಆಳ. ಗುಣಿಸಿ ಸಾವಿರದಿಂದ ಭಾಗಿಸು, ಘಾಲಿಬ್. ಎಷ್ಟು ಲೀಟರ್?"

ಘಾಲಿಬ್ ತಂದೆಯತ್ತ ನೋಡಿದ.

"ಆರು ಸಾವಿರ," ಎಂದ ಅವನ ತಂದೆ. "ಮುನ್ನೂರು ಡಬ್ಬ."

"ನೀವು ಹೊರಗೆ ಅಳೆದದ್ದು ಉದ್ದ, ಅಗಲ ಎರಡೂ ಇನ್ನೂರ ನಲವತ್ತು, ಮುಕ್ಬಿಲ್ ಚಿಕ್ಕಪ್ಪ. ಕಲ್ಲನ್ನೂ ನೀರು ಅಂತ ಎಣಿಸಿದ್ದೀರಿ."

ಮುಕ್ಬಿಲ್ ಮಗನ ಬಂದೂಕು ಕಸಿದು ಅದರ ಹಿಡಿಯಿಂದಲೇ ಅವನ ದವಡೆಗೆ ಬಡಿದ. ಹಲ್ಲು ನೆಲಕ್ಕೆ ಬಿತ್ತು. ಆಮೇಲೆ ತನ್ನ ಸೊಂಟದ ಕಠಾರಿ ಬಿಚ್ಚಿ ನಶ್ವಾನನ ಪಾದದ ಬಳಿ ಇಟ್ಟ. ಕೇರಿಯ ಕಟ್ಟಳೆಯಂತೆ, ಅದನ್ನು ಹಿಂದಕ್ಕೆ ಕೊಡುವ ತನಕ ತೀರ್ಪು ಹೇಳುವ ಹಕ್ಕು ನೊಂದವರ ಮನೆಯದು.

"ಬೆರಳಿಗೆ ಬೆರಳು ಬೇಕಾದ್ರೂ ತಗೋ, ಮಗಳೇ."

ಘಾಲಿಬ್ ತಾನಾಗಿಯೇ ಕಲ್ಲಿನ ಮೇಲೆ ಅಂಗೈ ಹರಡಿದ. ತಕಿಯಾ ಕಠಾರಿ ಎತ್ತಿಕೊಂಡು ಆ ಬೆರಳುಗಳನ್ನು ಒಂದೊಂದಾಗಿ ನೋಡಿದಳು. ಹಗ್ಗ ಕೊಯ್ದಳು. ತಮ್ಮ ಅವಳ ಭುಜದ ಮೇಲೆ ಕುಸಿದ.

"ಇವನನ್ನ ಆಸ್ಪತ್ರೆಗೆ ಹೊತ್ಕೊಂಡು ನಡಿ," ಎಂದಳು ಘಾಲಿಬನಿಗೆ. "ಅಲ್ಲೀತನಕ ಆ ಕೈ ಬೇಕು."

ಕಠಾರಿಯನ್ನು ಹಿಂದಕ್ಕೆ ಕೊಡಲಿಲ್ಲ.