ಪ್ರಥಮಾ ವಿಭಕ್ತಿಯ ಅಕ್ಕೋರು

ಮಾಡಿದವರು ಯಾರೆಂದು ಹೇಳದ ವಾಕ್ಯ ಕಿವಿಗೆ ಬಿದ್ದರೆ ನರ್ಮದಾ ಅಕ್ಕೋರ ನಡಿಗೆ ನಿಂತುಬಿಡುತ್ತದೆ. ಹೊನ್ನಾವರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರು "ಭಟ್ಕಳದ ಗಾಡಿ ರದ್ದಾಗಿದೆ" ಎಂದರೆ ಸಾಕು, ಹಳೆಯ ಪತ್ರಿಕೆಗಳಿಂದ ಉಬ್ಬಿದ ಚೀಲದ ಭಾರಕ್ಕೆ ಸದಾ ಎಡಕ್ಕೆ ವಾಲಿ ನಡೆಯುವ ಅವರು ನೆಟ್ಟಗಾಗಿ, ಚೆನ್ನಾಗಿ ಕೇಳಿಸುವ ಬಲಗಿವಿಯನ್ನು ಅವನತ್ತ ತಿರುಗಿಸಿ, ಮೆಲುದನಿಯಲ್ಲಿ ಕೇಳುತ್ತಾರೆ: "ಯಾರು ರದ್ದು ಮಾಡಿದ್ದು?"

"ಎಂತ ಅಕ್ಕೋರೆ, ಬೆಳಗಾಗೆದ್ದು ವ್ಯಾಕರಣವಾ?" ಎಂದು ಅವನು ನಗುತ್ತಾನೆ. ಅಕ್ಕೋರು ನಗುವುದಿಲ್ಲ. ಮನೆಯಲ್ಲಿಯೂ ಅಷ್ಟೆ. ಅವರ ತಮ್ಮ ಬಂದು "ಕಪ್ಪು ಒಡದೋತು" ಎಂದರೆ, ಒಡೆದ ಕಪ್ಪಿಗಿಂತ ಆ ವಾಕ್ಯವೇ ಅವರನ್ನು ಹೆಚ್ಚು ನೋಯಿಸಿತೇನೋ ಎಂಬಂತೆ ಅವನನ್ನು ನೋಡುತ್ತಾರೆ.

ಭಟ್ಕಳದ ಬಳಿ, ತೆಂಗಿನಗುಂಡಿಯ ಕಡೆಯ ಪ್ರೌಢಶಾಲೆಯೊಂದರಲ್ಲಿ ಅವರು ಕನ್ನಡ ಕಲಿಸುವುದು ಈ ಪ್ರಶ್ನೆಯ ಬಲದ ಮೇಲೆಯೇ. ಪತ್ರಿಕೆಯ ತಲೆಬರಹಗಳನ್ನು ಹಲಗೆಯ ಮೇಲೆ ಬರೆಯುತ್ತಾರೆ. "ಸಾವಿರಾರು ಕುಟುಂಬಗಳು ನಿರಾಶ್ರಿತವಾದವು." "ಸಮುದ್ರ ಬಿಸಿಯಾಗುತ್ತಿದೆ." ಆಮೇಲೆ ಸೀಮೆಸುಣ್ಣ ಕೆಳಗಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಕ್ಕಳು ಹುಡುಕುವವರೆಗೂ ಕಾಯುತ್ತಾರೆ. ಮಾಡಿದವರು ಯಾರು? ಬಿಸಿ ಮಾಡುತ್ತಿರುವವರು ಯಾರು? ಮೀನು ಸಿಗದೆ ಬರಿಗೈಯಲ್ಲಿ ಮರಳುವ ದೋಣಿಗಳನ್ನು ದಿನವೂ ಕಾಣುವ ಮಕ್ಕಳಿಗೆ ಅದು ದೂರದ ಪ್ರಶ್ನೆಯಾಗಿರಲಿಲ್ಲ.

ಸಮಾಜ ವಿಜ್ಞಾನದ ಭಾಸ್ಕರ ಮಾಸ್ತರರು ಒಮ್ಮೆ ಮುನಿಸಿಕೊಂಡರು. "ಲೋಕದ ಸುದ್ದಿ ನಂಗೆ ಬಿಡಿ ಅಕ್ಕೋರೆ. ನೀವು ವಿಭಕ್ತಿ ಕಲಿಸಿ ಸಾಕು."

"ವಿಭಕ್ತಿಯನ್ನೇ ಕಲಿಸ್ತಾ ಇದ್ದೇನೆ ಮಾಸ್ತರೆ. ಪ್ರಥಮಾ ವಿಭಕ್ತಿ, ಕರ್ತೃವಿನದು."

ಅಕ್ಕೋರ ಬಾಳಿನ ಕಠಿಣ ಪಾಠ ಬಂದದ್ದು ಶ್ರೀಗೌರಿ ಎಂಬ ಒಂಬತ್ತನೆಯ ತರಗತಿಯ ಹುಡುಗಿಯಿಂದ. 'ನಮ್ಮೂರಿನ ನೀರು' ಎಂಬ ಪ್ರಬಂಧದಲ್ಲಿ ಅವಳು, ಅಳಿವೆಯ ಬಳಿ ಮೀನನ್ನು ಒಣಗಿಸಿ ಪುಡಿಮಾಡುವ ಮೀನುಹುಡಿ ಕಾರ್ಖಾನೆಯಿಂದ "ಹೊಲಸು ನೀರನ್ನು ಹೊಳೆಗೆ ಬಿಡಲಾಗುತ್ತದೆ" ಎಂದು ಬರೆದಿದ್ದಳು. ಅಕ್ಕೋರು ಅದರಡಿ ಕೆಂಪು ಗೆರೆ ಎಳೆದು, ಪಕ್ಕದಲ್ಲಿ "ಯಾರು?" ಎಂದು ಬರೆದರು. ಹುಡುಗಿ ತಿದ್ದಿ ತಂದಳು: "ಹೊಲಸು ನೀರನ್ನು ನನ್ನ ಅಪ್ಪ ಮಾದೇವ ಸಂಜೆ ಹೊತ್ತು ಹೊಳೆಗೆ ಬಿಡುತ್ತಾನೆ. ಬೆಳಿಗ್ಗೆ ದಡದಲ್ಲಿ ಏಡಿಗಳು ಸತ್ತು ಬಿದ್ದಿರುತ್ತವೆ." ಎಂಥ ನಿರ್ಭೀತ ವಾಕ್ಯ ಎಂದು ಅಕ್ಕೋರು ಹಿಗ್ಗಿದರು, ವಾಕ್ಯದ ಕಾಂತಿಯಲ್ಲಿ ಅದರೊಳಗಿನ ಮನುಷ್ಯ ಅವರಿಗೆ ಕಾಣಲಿಲ್ಲ. ವಾರ್ಷಿಕೋತ್ಸವದಲ್ಲಿ ಹುಡುಗಿ ಅದನ್ನು ಓದಿದಾಗ ಕಾರ್ಖಾನೆಯ ಮ್ಯಾನೇಜರರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದರು. ಮರುದಿನ, ಪಂಪು ನೋಡಿಕೊಳ್ಳುತ್ತಿದ್ದ ಮಾದೇವನಿಗೆ ಇನ್ನು ಕೆಲಸಕ್ಕೆ ಬರುವುದು ಬೇಡವೆಂದರು.

ಸುದ್ದಿ ತಿಳಿದ ಸಂಜೆಯೇ ಅಕ್ಕೋರು ಮಾದೇವನ ಮನೆಗೆ ಹೋದರು. ಮಾದೇವ ಕುರ್ಚಿ ತಂದಿಟ್ಟ. "ಮಗಳು ಸುಳ್ಳು ಬರೀಲಿಲ್ಲ ಬಿಡಿ" ಎಂದಷ್ಟೇ ಹೇಳಿ ಅಂಗಳಕ್ಕಿಳಿದ. ಶ್ರೀಗೌರಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು.

"ನೀವು ಯಾರು ಅಂತ ಕೇಳಿದ್ರಿ ಅಕ್ಕೋರೆ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗೆ ಗೊತ್ತಿದ್ದ ಹೆಸ್ರು ಅದೊಂದೇ ಆಗಿತ್ತು."

ಇಪ್ಪತ್ತು ವರ್ಷಗಳಿಂದ ತಮ್ಮ ಕೈಯಲ್ಲಿ ದೀಪವಾಗಿದ್ದ ಪ್ರಶ್ನೆ ಆ ಮನೆಗೆ ಕಿಚ್ಚಾಗಿ ಹೋಗಿದೆಯೆಂದು ಅಕ್ಕೋರಿಗೆ ಆಗ ಹೊಳೆಯಿತು. ಅವರು ನೇರವಾಗಿ ಕಾರ್ಖಾನೆಗೆ ಹೋಗಿ ಮ್ಯಾನೇಜರರ ಎದುರು ನಿಂತರು. "ಆ ವಾಕ್ಯ ಬರೆಸಿದ್ದು ನಾನು. ಮಾದೇವನನ್ನು ಮತ್ತೆ ಕೆಲಸಕ್ಕೆ ಕರೀರಿ."

"ಆತು, ನೀವೇ ಬರೆಸಿದ್ದು. ಅದ್ಕೆ ಈಗ ನಾ ಎಂತ ಮಾಡುದು?" ಎಂದು ಮ್ಯಾನೇಜರರು ಫೋನು ಎತ್ತಿಕೊಂಡರು.

ಮರುದಿನದ ತರಗತಿಯಲ್ಲಿ ಪ್ರೇರಣಾರ್ಥಕ ಕ್ರಿಯಾಪದದ ಪಾಠ ನಡೆಯಿತು. "ಶ್ರೀಗೌರಿ ಬರೆದಳು. ಬರೆಸಿದವಳು ನಾನು" ಎಂದು ಅಕ್ಕೋರು ಮೊದಲ ಉದಾಹರಣೆ ಕೊಟ್ಟರು. ಆಮೇಲೆ ಹಲಗೆಯ ಮೇಲೆ ಒಂದೊಂದಾಗಿ ಸಾಲುಗಳು ಮೂಡಿದವು. ಕೆಲಸದವನು ನೀರು ಬಿಟ್ಟನು. ಬಿಡಿಸಿದವರು ಯಾರು? ಮ್ಯಾನೇಜರು. ಅವರಿಂದ ಬಿಡಿಸಿದವರು? ಮಾಲೀಕರು. ಮೀನಿನ ಹುಡಿ ಹಡಗು ಹತ್ತಿ ಎಲ್ಲಿಗೆ ಹೋಗುತ್ತದೆ? ಪರದೇಶದ ಸೀಗಡಿ ಕೆರೆಗಳಿಗೆ, ಸೀಗಡಿಯ ತಿನಿಸಾಗಿ, ಎಂದ ಒಬ್ಬ. ಆ ಸೀಗಡಿ ಅಗ್ಗಕ್ಕೆ ಬೇಕೆನ್ನುವವರು? ಹಲಗೆ ತುಂಬಿತು, ಪ್ರಶ್ನೆ ಮುಗಿಯಲಿಲ್ಲ. ಮಕ್ಕಳೆಲ್ಲ ಬರೆದುಕೊಂಡರು. ಶ್ರೀಗೌರಿ ಮಾತ್ರ ಪೆನ್ನು ಮುಟ್ಟದೆ ಕುಳಿತಿದ್ದಳು. ಅಕ್ಕೋರು ಅವಳನ್ನು ಒತ್ತಾಯಿಸಲಿಲ್ಲ.

ತಾಲೂಕು ಕಚೇರಿಗೆ ಅವರು ಕೊಟ್ಟ ದೂರು "ನಾನು" ಎಂಬ ಪದದಿಂದ ಆರಂಭವಾಗಿತ್ತು. "ಪರಿಶೀಲಿಸಲಾಗುವುದು" ಎಂದು ಉತ್ತರ ಬಂತು. ಕಾರ್ಖಾನೆಯವರು ನೀರು ತಿಳಿಯಾಗಿಸುವ ಒಂದು ತೊಟ್ಟಿ ಕಟ್ಟಿಸಿದರು. ಮಳೆಗಾಲದ ಹೊತ್ತಿಗೆ ಹೊಳೆ ಮತ್ತೆ ನಾರತೊಡಗಿತು. ಮಾದೇವ ಬಂದರಿನಲ್ಲಿ ಮಂಜುಗಡ್ಡೆ ಹೊರುವ ಕೆಲಸ ಹಿಡಿದ. ಅಕ್ಕೋರು ಈಗಲೂ ಕೆಂಪು ಗೆರೆ ಎಳೆಯುತ್ತಾರೆ. ಆದರೆ ಎಳೆಯುವ ಮುನ್ನ ಮಗುವನ್ನು ಹತ್ತಿರ ಕರೆದು, ಆ ಹೆಸರು ಬರೆದರೆ ಯಾರಿಗೆ ಪೆಟ್ಟಾಗುತ್ತದೆಂದು ಕೇಳುತ್ತಾರೆ.

ಬಹಳ ತಿಂಗಳ ಬಳಿಕ ಒಂದು ಮಧ್ಯಾಹ್ನ ಶ್ರೀಗೌರಿ ತಾನಾಗಿಯೇ ಅವರ ಮೇಜಿನ ಬಳಿ ಬಂದಳು. "ಅಪ್ಪ ನಿಮ್ಮನ್ನ ಕೇಳ್ತಿದ್ದ. ಅಕ್ಕೋರು ಆರಾಮ ಇದ್ದಾರಾ ಅಂತ." ಅಕ್ಕೋರು ತಲೆಯಾಡಿಸಿದರು.

ಲೋಕದ ಸಂಕಟಗಳನ್ನು ಮಕ್ಕಳೆದುರು ತೆರೆದಿಡುವ ಅಧ್ಯಾಪಕರು ಎಲ್ಲೆಡೆ ಇದ್ದಾರೆ. ಭೂಪಟದಲ್ಲಿ ಬೆರಳಿಟ್ಟು ತೋರಿಸುವವರೆಗೆ ಅವರ ಕೆಲಸ ನಿರಪಾಯಕಾರಿ. ಆ ಬೆರಳು ಯಾವುದೋ ಮಗುವಿನ ಮನೆಯ ಹೊಸ್ತಿಲನ್ನು ಮುಟ್ಟಿದ ಗಳಿಗೆಯಲ್ಲಿ ಹೆಚ್ಚಿನವರು ಪಾಠ ಮುಗಿಸಿ ಪುಸ್ತಕ ಮಡಚುತ್ತಾರೆ. ಮಡಚದೆ, ಆ ಹೊಸ್ತಿಲವರೆಗೆ ತಾವೂ ನಡೆದುಹೋಗಿ, ಹಾಕಿದ ಕುರ್ಚಿಯಲ್ಲಿ ತಲೆತಗ್ಗಿಸಿ ಕೂರಬಲ್ಲ ಕೆಲವರಿಂದಲೇ ಮಕ್ಕಳು ಸತ್ಯವನ್ನು ನುಡಿಯಲು ಕಲಿಯುತ್ತಾರೆ, ನುಡಿದ ಸತ್ಯದ ಭಾರವನ್ನು ಹೊರಲೂ ಕಲಿಯುತ್ತಾರೆ.