ಮೊದಲ ಹತ್ತು ಹೆಜ್ಜೆ

ಮಂಚದಿಂದಿಳಿದು ಬಚ್ಚಲಿಗೆ ಹೋಗುವಾಗ ಚೂಟಿ ಮೊದಲ ಹತ್ತು ಹೆಜ್ಜೆ ಕುಂಟಿದಳು. ಹನ್ನೊಂದನೆಯ ಹೆಜ್ಜೆಗೆ ನಡಿಗೆ ಸರಿಹೋಯಿತು. ಬೇರೆ ಯಾರೇ ನೋಡಿದ್ದರೂ, ಹನ್ನೆರಡು ತಾಸು ಬಸ್ಸಿನಲ್ಲಿ ಕೂತು ಬಂದ ಹುಡುಗಿ, ಕಾಲು ಜೋಮು ಹಿಡಿದಿರಬೇಕು ಎಂದು ಸುಮ್ಮನಾಗುತ್ತಿದ್ದರು. ಅಡುಗೆಮನೆಯ ಮೇಜಿನ ತುಂಬ ಪುಸ್ತಕ ಹರವಿಕೊಂಡು ಕೂತಿದ್ದ ಅಕ್ಕ ಮಾತ್ರ ಓದುವುದನ್ನು ನಿಲ್ಲಿಸಿದಳು. ಆ ಹತ್ತು ಹೆಜ್ಜೆಗಳನ್ನು ಅವಳು ಚೆನ್ನಾಗಿ ಬಲ್ಲಳು. ಹೋದ ವರ್ಷ ಎರಡು ತಿಂಗಳು ಪ್ರತಿ ಬೆಳಿಗ್ಗೆ ತಾನೇ ಹಾಗೆ ನಡೆದಿದ್ದಳು, ಹಿಮ್ಮಡಿಯ ಮೇಲಿನ ದಪ್ಪ ನರ ಕಿತ್ತುಹೋಗುವವರೆಗೆ.

ಅಕ್ಕತಂಗಿ ಇಬ್ಬರೂ ಎಂಟು ವರ್ಷ ಜೋಡಿಯಾಗಿ ಬ್ಯಾಡ್ಮಿಂಟನ್ ಆಡಿದವರು. ಅಕ್ಕ ಹಿಂದೆ, ತಂಗಿ ಮುಂದೆ ನೆಟ್ಟಿನ ಹತ್ತಿರ. ಚೂಟಿ ಎಂಬ ಹೆಸರು ಬಂದದ್ದೇ ಅಲ್ಲಿ. ಅವಳು ಕಣ್ಣು ಮಿಟುಕಿಸುವಷ್ಟರಲ್ಲಿ ಶಟಲ್ ಕಾಕನ್ನು ಕೆಳಗಿಳಿಸಿ ಎದುರಿನವರನ್ನು ಬೆಪ್ಪಾಗಿಸುತ್ತಿದ್ದಳು. ಅವಳ ಹಿಂದೆ ಅಂಗಳದುದ್ದಕ್ಕೂ ಓಡಿ ಓಡಿ ತಪ್ಪಿದ್ದನ್ನೆಲ್ಲ ಎತ್ತಿಕೊಡುವ ಕೆಲಸ ಅಕ್ಕನದು. ಹೋದ ವರ್ಷ ಆಯ್ಕೆಗಾರರು ಬಂದಿದ್ದ ಸೆಮಿಫೈನಲ್ಲಿನಲ್ಲಿ ಹಾಗೆ ಹಿಂದಕ್ಕೆ ಓಡುವಾಗ ಯಾರೋ ಜೋರಾಗಿ ಒದ್ದಂತಾಗಿ ಅಕ್ಕ ತಿರುಗಿ ನೋಡಿದ್ದಳು. ಹಿಂದೆ ಯಾರೂ ಇರಲಿಲ್ಲ. ಮರುಕ್ಷಣ ನೆಲದ ಮೇಲಿದ್ದಳು.

ಆಮೇಲೆ ಆಪರೇಷನ್ನು, ಪ್ಲಾಸ್ಟರು, ಊರುಗೋಲು. ಫಿಸಿಯೋಥೆರಪಿ ಓದುತ್ತಿದ್ದವಳು ತಾನೇ ರೋಗಿಯಾಗಿ ಸಹಪಾಠಿಗಳ ಕೈಗೆ ಕಾಲು ಕೊಟ್ಟು ಮಲಗಬೇಕಾಯಿತು. ಒಂದು ಇಡೀ ವರ್ಷದ ಪರೀಕ್ಷೆಗಳು ತಪ್ಪಿಹೋದವು. ಈಗ ಎರಡು ವರ್ಷದ ಪೇಪರುಗಳನ್ನು ಒಟ್ಟಿಗೇ ಬರೆಯುತ್ತಿದ್ದಳು. ಇವತ್ತು ಹತ್ತು ಗಂಟೆಗೆ ಕೊನೆಯ ಪ್ರಾಕ್ಟಿಕಲ್. ಅದನ್ನು ತಪ್ಪಿಸಿದರೆ ಮತ್ತೊಂದು ವರ್ಷ ನೀರಿನಲ್ಲಿ ಹೋಮ.

ಅದೇ ಒಂದು ವರ್ಷದಲ್ಲಿ ಚೂಟಿ ಹೊಸ ಜೊತೆಗಾತಿಯೊಂದಿಗೆ ಹನ್ನೊಂದು ಊರು ಸುತ್ತಿದ್ದಳು. ತಂಡ ಇವತ್ತು ಬೆಳಿಗ್ಗೆ ಈ ಊರಿಗೆ ಬಂದಿತ್ತು. ಹತ್ತೂವರೆಗೆ ಬಸ್ ನಿಲ್ದಾಣದಿಂದ ಮುಂದಕ್ಕೆ ಹೊರಡುವುದಿತ್ತು. ನಾಳೆ ಶುರುವಾಗುವ ಟೂರ್ನಿಯಲ್ಲಿ ಗೆದ್ದ ಜೋಡಿ ದೇಶದ ತಂಡಕ್ಕೆ ಸೇರುತ್ತದೆ. ಕೋಚ್‌ನನ್ನು ಕಾಡಿ ಬೇಡಿ ನಾಲ್ಕು ತಾಸಿನ ಅನುಮತಿ ಪಡೆದು ಅವಳು ಮನೆಗೆ ಬಂದಿದ್ದಳು. ಬಂದವಳೇ ಒಂದು ತಾಸು ನಿದ್ದೆ ಹೊಡೆದು ಈಗ ಎದ್ದಿದ್ದಳು.

"ಕಾಲಿಗೇನಾಯ್ತೇ?" ಅಕ್ಕ ಕೇಳಿದಳು.

"ಯಾವ ಕಾಲಿಗೆ?"

"ಎಡಗಾಲಿಗೆ."

"ಜೋಮು ಹಿಡಿದಿತ್ತು ಅಷ್ಟೇ."

"ಇಲ್ಲಿ ಬಂದು ಬೋರಲು ಮಲ್ಕೋ."

"ಪರೀಕ್ಷೆ ಹತ್ತು ಗಂಟೆಗಲ್ವಾ? ಬೆಳಿಗ್ಗೇನೇ ರೋಗಿ ಹುಡುಕ್ತಿದ್ಯಾ?" ಎಂದು ಚೂಟಿ ನಕ್ಕಳು. ಅಕ್ಕ ನಗಲಿಲ್ಲ. ಆ ಮುಖ ನೋಡಿ ಚೂಟಿ ಮಂಚದ ಮೇಲೆ ಬೋರಲಾಗಿ ಪಾದಗಳನ್ನು ಅಂಚಿನಿಂದ ಹೊರಗೆ ಚಾಚಿದಳು.

ಅಕ್ಕ ಎರಡು ಹಿಮ್ಮಡಿಗಳನ್ನೂ ಹಿಡಿದು ನೋಡಿದಳು. ಬಲಗಾಲಿನ ನರ ಬಿಗಿದ ಹಗ್ಗದಂತೆ ನೇರವಾಗಿತ್ತು. ಎಡಗಾಲಿನದು ನಡುವೆ ಊದಿಕೊಂಡಿತ್ತು. ಬೆರಳಿಗೆ ಬಟಾಣಿ ಕಾಳಿನಷ್ಟು ಗಂಟು ಸಿಕ್ಕಿತು. ಅಲ್ಲಿ ಮೆಲ್ಲಗೆ ಹಿಂಡಿದಳು.

"ನೋವಾ?"

"ಇಲ್ಲ."

ಬಾಯಿ ಇಲ್ಲ ಎಂದಿತು, ಕಾಲಿನ ಐದೂ ಬೆರಳು ಮುದುರಿಕೊಂಡವು.

"ಎದ್ದು ನಿಂತ್ಕೋ. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತು. ಇಪ್ಪತ್ತು ಸಲ."

ಬಲಗಾಲಿನಲ್ಲಿ ಚೂಟಿ ಆಟವಾಡಿದಂತೆ ಇಪ್ಪತ್ತು ಮುಗಿಸಿದಳು. ಎಡಗಾಲಿನಲ್ಲಿ ನಾಲ್ಕನೆಯದಕ್ಕೆ ಮೇಜಿನ ಅಂಚು ಹಿಡಿದಳು. ಐದನೆಯದು ಏಳಲೇ ಇಲ್ಲ.

"ಎಷ್ಟು ದಿನದಿಂದ?"

"ಎರಡು ತಿಂಗಳಾಯ್ತೇನೋ."

"ಇಂಜೆಕ್ಷನ್ ತಗೊಂಡ್ಯಾ?"

ಚೂಟಿ ಕಿಟಕಿಯ ಕಡೆ ನೋಡಿದಳು.

"ಎಷ್ಟು ತಗೊಂಡೆ ಅಂತ ಕೇಳ್ತಿದೀನಿ."

"ಎರಡು. ತಂಡದ ಡಾಕ್ಟರಿಗೆ ಗೊತ್ತಿಲ್ಲ. ಗೊತ್ತಾದ್ರೆ ಆಡೋಕೆ ಬಿಡ್ತಿದ್ರಾ? ದಾರೀಲಿ ಒಂದೂರಲ್ಲಿ ಹೊರಗಿನವರ ಹತ್ರ ಹಾಕಿಸ್ಕೊಂಡೆ. ಈಗ ಆಡುವಾಗ ಏನೂ ಗೊತ್ತಾಗಲ್ಲ ಅಕ್ಕ, ಬೆಳಿಗ್ಗೆ ಒಂಚೂರು ಅಷ್ಟೇ."

"ಗೊತ್ತಾಗ್ದೇ ಇರೋದೇ ತೊಂದ್ರೆ ಕಣೇ. ಆ ಔಷಧಿ ನೋವನ್ನ ಮುಚ್ಚಿಡುತ್ತೆ, ನರ ಒಳಗಿಂದೊಳಗೇ ಸಡಿಲ ಆಗುತ್ತೆ. ನೀನು ನಾಳೆ ಹಾರಿ ಹೊಡೀತೀಯ, ಅದು ಪಟ್ ಅನ್ನುತ್ತೆ. ಕೋಚ್‌ಗೆ ಹೇಳು."

"ಇದೊಂದು ಟೂರ್ನಿ. ಐದು ದಿನ. ಮುಗಿದ ಮೇಲೆ ನೀನು ಹೇಳಿದಷ್ಟು ದಿನ ಮಲಗ್ತೀನಿ."

"ಇದೊಂದು ಅಂತ ನೀನು ಮೊದ್ಲೂ ಹೇಳಿದ್ದೆ."

ಮಾತು ಬಾಯಿಂದ ಬಿದ್ದಮೇಲೆ ಅಕ್ಕನಿಗೇ ಅಂಜಿಕೆಯಾಯಿತು. ಒಂದು ವರ್ಷ ಇಬ್ಬರೂ ಆ ಸುದ್ದಿಯ ಹತ್ತಿರವೂ ಸುಳಿದಿರಲಿಲ್ಲ. ಫೋನಿನಲ್ಲಿ ಬಿಸಿಲು, ಚಳಿ, ಊಟ, ಬಸ್ಸು, ಅಷ್ಟೇ. ಆ ಸೆಮಿಫೈನಲ್ಲಿನ ಬೆಳಿಗ್ಗೆ ಅಕ್ಕ ತಂಗಿಗೊಬ್ಬಳಿಗೇ ಹೇಳಿದ್ದಳು, ಹಿಮ್ಮಡಿ ಸರಿಯಿಲ್ಲ, ಇವತ್ತು ಬೇಡ ಅನ್ನಿಸ್ತಿದೆ ಅಂತ. ಇದೊಂದು ಆಡ್ಬಿಡು ಅಕ್ಕ, ನಂಗೋಸ್ಕರ ಎಂದಿದ್ದಳು ಚೂಟಿ. ಅಕ್ಕ ಆಡಿದಳು. ಅಮ್ಮನಿಗೂ ಕೋಚ್‌ಗೂ, ಏಕಾಏಕಿ ಆಯಿತು, ಮುನ್ಸೂಚನೆಯೇ ಇರಲಿಲ್ಲ ಎಂದು ಇಬ್ಬರೂ ಸೇರಿ ಸುಳ್ಳು ಹೇಳಿದ್ದರು.

ಚೂಟಿಯ ಮುಖ ಕೆಂಪಾಯಿತು. "ಆಡಲ್ಲ ಅಂದಿದ್ರೆ ಆಗಿತ್ತಲ್ಲ? ನಾನೇನು ಕತ್ತು ಹಿಡಿದು ದಬ್ಬಿದ್ನಾ?"

"ದಬ್ಬಿದೆ. ನಾನೂ ದಬ್ಬಿಸ್ಕೊಂಡೆ."

"ವರ್ಷಪೂರ್ತಿ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ದೆ ಅಲ್ವಾ? ನಿಂಗೆ ಹೊಟ್ಟೆಕಿಚ್ಚು. ನೀನು ಮೂಲೇಲಿ ಕೂತೆ, ನಾನು ಊರೂರು ತಿರುಗಿದೆ ಅಂತ."

ಕೆಳಗೆ ಅಮ್ಮನ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಜನರ ಪ್ಯಾಂಟು ಕೋಟುಗಳನ್ನು ಗಿಡ್ಡ ಮಾಡುತ್ತಾ, ಸಡಿಲಿಸುತ್ತಾ ಇಬ್ಬರು ಮಕ್ಕಳನ್ನು ಬೆಳೆಸಿದ ಹೆಂಗಸು ಅವಳು; ಗಂಡ ಸರಕಿನ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೆ ಎರಡು ಸಲ ಅತಿಥಿಯಂತೆ ಬಂದು ಹೋಗುವವನು. "ಏನ್ರೇ ಅದು, ಬೆಳ್‌ಬೆಳಿಗ್ಗೆ ಜಗಳ?" ಎಂದು ಅಮ್ಮ ಮೆಟ್ಟಿಲ ಬುಡದಿಂದ ಕೂಗಿದಳು.

"ಏನಿಲ್ಲಮ್ಮ," ಎಂದರು ಇಬ್ಬರೂ ಒಂದೇ ಉಸಿರಿಗೆ.

ಯಂತ್ರ ಮತ್ತೆ ಶುರುವಾಯಿತು. ಅಕ್ಕ ದನಿ ತಗ್ಗಿಸಿದಳು. "ಒಂಬತ್ತೂವರೆ ತನಕ ಟೈಮಿದೆ. ನೀನೇ ಕೋಚ್‌ಗೆ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ."

"ಹೇಳಿ ನೋಡು," ಎಂದಳು ಚೂಟಿ. ಬೂಟು ಹಾಕಿಕೊಂಡಳು, ಬ್ಯಾಗು ಹೆಗಲಿಗೇರಿಸಿದಳು, ಅಮ್ಮನಿಗೆ ಕೆಳಗೆ ಅದೇನು ನೆಪ ಹೇಳಿದಳೋ, ಎಂಟೂವರೆಗೆಲ್ಲ ಬೀದಿಯ ತಿರುವಿನಲ್ಲಿ ಮರೆಯಾದಳು. ಈಗ ಒಂದಿಷ್ಟೂ ಕುಂಟುತ್ತಿರಲಿಲ್ಲ.

ಕಾಲೇಜಿನ ಬಸ್ಸಿನಲ್ಲಿ ಅಕ್ಕನಿಗೆ ಪುಸ್ತಕದ ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಹೊಟ್ಟೆಕಿಚ್ಚು ಎಂಬ ಮಾತು ಮೂಳೆಗೆ ನಾಟಿದಂತೆ ಕೂತಿತ್ತು. ಸುಳ್ಳು ಎಂದು ತಳ್ಳಿಹಾಕಲು ಅವಳಿಗೆ ಆಗಲಿಲ್ಲ. ತಂಗಿ ಕಳಿಸುತ್ತಿದ್ದ ಫೋಟೋಗಳನ್ನು ನೋಡಿ ಎಷ್ಟೋ ಸಲ ಫೋನನ್ನು ಮಗುಚಿ ಇಟ್ಟಿದ್ದಳು. ಒಮ್ಮೆ ಚೂಟಿ ಮೊದಲ ಸುತ್ತಿನಲ್ಲೇ ಸೋತಾಗ ಮನಸ್ಸಿಗೆ ತಂಪಾಗಿತ್ತು, ಆ ತಂಪಿಗೆ ನಾಚಿಕೆಯೂ ಆಗಿತ್ತು. ಹಾಗಿರುವಾಗ ಈಗ ಕೋಚ್‌ಗೆ ಹೇಳಲು ಹೊರಟದ್ದು ತಂಗಿಯ ಕಾಲಿಗಾಗಿಯೋ, ತನ್ನ ಉರಿಗಾಗಿಯೋ? ಎಷ್ಟು ಕೆದಕಿದರೂ ಎರಡನ್ನೂ ಬೇರೆ ಮಾಡಲಾಗಲಿಲ್ಲ. ಆದರೆ ಬೆರಳ ತುದಿಯಲ್ಲಿ ಆ ಗಂಟು ಇನ್ನೂ ಇತ್ತು. ಗಂಟಿಗೆ ಹೊಟ್ಟೆಕಿಚ್ಚಿಲ್ಲವಲ್ಲ.

ಒಂಬತ್ತೂವರೆಗೆ ಕೋಚ್‌ಗೆ ಫೋನು ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಎರಡನೆಯ ಸಲವೂ ಹಾಗೇ. ತಂಡದ ಜೊತೆಗಿರುವಾಗ, ತಲೆ ಮೇಲೆ ತಲೆ ಬಿದ್ದರೂ, ಫೋನನ್ನು ಬ್ಯಾಗಿನಿಂದ ತೆಗೆಯದ ಮನುಷ್ಯ ಅವನು. ಚೂಟಿಯ ಫೋನು ಸ್ವಿಚ್ ಆಫ್. ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಗುಮಾಸ್ತ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ನಿಂತಿದ್ದ. "ಫೋನುಗಳು ಇದರೊಳಗೆ. ಹತ್ತಕ್ಕೆ ಬಾಗಿಲು ಹಾಕ್ತೀನಿ, ಆಮೇಲೆ ಯಾರಿಗೂ ತೆಗೆಯಲ್ಲ."

ಒಂಬತ್ತು ನಲವತ್ತೆರಡು. ಬಸ್ ನಿಲ್ದಾಣ ಇಲ್ಲಿಂದ ಇಪ್ಪತ್ತೈದು ನಿಮಿಷ. ಹೋದರೆ ಬಸ್ಸು ಸಿಗುತ್ತದೆ, ಪರೀಕ್ಷೆ ಸಿಗುವುದಿಲ್ಲ. ಅಕ್ಕ ಮೆಟ್ಟಿಲ ಮೇಲೆ ಎರಡು ಹೆಜ್ಜೆ ಇಳಿದಳು, ಮತ್ತೆ ಹತ್ತಿದಳು. ಜೊತೆಯವಳೊಬ್ಬಳು ತೋಳು ಹಿಡಿದು, "ಬಾರೇ, ಹೆದರ್ಬೇಡ, ಎಲ್ಲ ಗೊತ್ತಿರೋದೇ ಕೇಳ್ತಾರೆ," ಎಂದಳು. ಆಗ ಹೊಳೆಯಿತು, ಅಮ್ಮನ ಅಂಗಡಿಯಿಂದ ಬಸ್ ನಿಲ್ದಾಣಕ್ಕೆ ಹತ್ತೇ ನಿಮಿಷದ ನಡಿಗೆ.

"ಅಮ್ಮ, ಮಧ್ಯೆ ಬಾಯಿ ಹಾಕ್ಬೇಡ, ಪೂರ್ತಿ ಕೇಳು."

ಗೋಡೆಗೆ ಮುಖ ಮಾಡಿ ಎಲ್ಲ ಹೇಳಿದಳು. ಚೂಟಿಯ ಹಿಮ್ಮಡಿ, ಎರಡು ಇಂಜೆಕ್ಷನ್ನು. ನರ ಹರಿದೇ ಹೋಗುತ್ತದೆಂದು ನಿನಗೆ ಹೇಗೆ ಗೊತ್ತು ಎಂದು ಅಮ್ಮ ಕೇಳಿದಾಗ ಹೋದ ವರ್ಷದ್ದನ್ನೂ ಹೇಳಲೇಬೇಕಾಯಿತು.

"ಅಂದ್ರೆ ನಿಂಗೆ ಮೊದ್ಲೇ ನೋವಿತ್ತು," ಎಂದಳು ಅಮ್ಮ. "ಇಬ್ರಿಗೂ ಗೊತ್ತಿತ್ತು. ಒಂದು ವರ್ಷ ನಾನು ನಿನ್ನ ಕಾಲು ತೊಳೀತಾ ದೇವರನ್ನ ಬೈಕೊಂಡೆ."

"ಅಮ್ಮ..."

"ಪರೀಕ್ಷೆಗೆ ಹೋಗು ನೀನು."

ಫೋನು ಪೆಟ್ಟಿಗೆಗೆ ಬಿತ್ತು. ಬಾಗಿಲು ಮುಚ್ಚಿತು.

ಅಕ್ಕನ ಪಾಲಿಗೆ ಬಂದ ರೋಗಿ ಗೋಡೆಗೆ ಬಣ್ಣ ಹೊಡೆಯುವ ಮುದುಕ. ಬಲ ಭುಜ ಬಿಗಿದು ಕೈ ಕಿವಿಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಪರೀಕ್ಷಕಿ ಕನ್ನಡಕದ ಮೇಲಿಂದ ನೋಡುತ್ತ ಕೂತಿದ್ದಳು. ಗೋಡೆ ಗಡಿಯಾರ ಹತ್ತೂವರೆ ತೋರಿಸಿದಾಗ ಅವಳು ಮುದುಕನ ತೋಳನ್ನು ಹಿಡಿದವಳು ಹಿಡಿದಂತೆಯೇ ನಿಂತುಬಿಟ್ಟಳು. ಬಸ್ಸು ಹೊರಟಿತೇ?

"ಏನು ಮಾಡ್ತಿದೀರಿ?" ಪರೀಕ್ಷಕಿ ಕೇಳಿದಳು.

ಮುದುಕನೇ ತಗ್ಗಿದ ದನಿಯಲ್ಲಿ, "ಮೆಲ್ಲಗೆ ಮಾಡವ್ವ, ನಾನೆಲ್ಲೂ ಓಡಿಹೋಗಲ್ಲ," ಎಂದ. ಅಕ್ಕ ಉಸಿರೆಳೆದುಕೊಂಡು ಮೊದಲಿನಿಂದ ಶುರು ಮಾಡಿದಳು. ಭುಜದಲ್ಲಿ ಎಲ್ಲಿ ತಡೆಯಿದೆ, ಯಾವ ಕಡೆ ಎಷ್ಟು ತಿರುಗುತ್ತದೆ, ಏನು ವ್ಯಾಯಾಮ, ಯಾವುದು ಕೂಡದು. ಕೊನೆಕೊನೆಗೆ ಮಾತು ಹಳಿಗೆ ಬಂತು. ಎರಡು ಪ್ರಶ್ನೆಗೆ ಗೊತ್ತಿಲ್ಲ ಎಂದಳು.

ಹನ್ನೆರಡೂವರೆಗೆ ಫೋನು ಕೈಗೆ ಬಂದಾಗ ಕೋಚ್‌ನ ಮೂರು ಕರೆಗಳು ತಪ್ಪಿದ್ದವು. ಅವಳು ಮೊದಲು ಅಮ್ಮನಿಗೆ ಮಾಡಿದಳು.

"ಆಸ್ಪತ್ರೇಲಿದೀವಿ," ಎಂದಳು ಅಮ್ಮ. "ಸ್ಕ್ಯಾನ್ ಮಾಡ್ತಿದಾರೆ."

ಅಮ್ಮ ಅಂಗಡಿ ಬಾಗಿಲೂ ಹಾಕದೆ, ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ ಹೋಗಿ ತಂಡದ ಬಸ್ಸು ಹತ್ತಿ, ಮೊದಲ ಸೀಟಿನಲ್ಲಿ ಕೂತಿದ್ದಳಂತೆ. ನಮ್ಮ ಹುಡುಗಿ ಇಳಿಯೋವರೆಗೆ ನಾನು ಇಳಿಯಲ್ಲ, ಬೇಕಾದ್ರೆ ನನ್ನನ್ನೂ ಕರ್ಕೊಂಡು ಹೋಗಿ ಆಡಿಸಿ, ಎಂದಳಂತೆ. ಹುಡುಗಿಯರು ಕಿಸಿಕಿಸಿ ನಕ್ಕರು. ಚೂಟಿ ಹಿಂದಿನ ಸೀಟಿನಿಂದ, ಸುಳ್ಳು, ಎಲ್ಲ ಸುಳ್ಳು, ಎಂದು ಕಿರುಚಿದಳು. ಕೋಚ್ ಅವಳನ್ನು ಬಸ್ಸಿನ ಮೆಟ್ಟಿಲ ಮೇಲೆ ನಿಲ್ಲಿಸಿ ಎಡಗಾಲಿನಲ್ಲಿ ಹಿಮ್ಮಡಿ ಎತ್ತಲು ಹೇಳಿದ. ಮೂರು ಎತ್ತಿದಳು. ನಾಲ್ಕನೆಯದು ಏಳಲಿಲ್ಲ. ಬಸ್ಸು ಅವಳ ಬ್ಯಾಗನ್ನು ಇಳಿಸಿ ಮುಂದೆ ಹೋಯಿತು.

ಸ್ಕ್ಯಾನಿನಲ್ಲಿ ನರ ಅರ್ಧದಷ್ಟು ಹರಿದಿರುವುದು ಕಂಡಿತು. ಆಪರೇಷನ್ ಬೇಕಾಗಲಿಲ್ಲ, ಹಿಮ್ಮಡಿ ಅಲುಗದಂತೆ ಕಾಲಿಗೆ ಪಟ್ಟಿ ಬೂಟು, ಕಂಕುಳಿಗೆ ಊರುಗೋಲು, ಮೂರು ತಿಂಗಳು ಮನೆ. ಇನ್ನೊಂದು ಪಂದ್ಯ ಆಡಿದ್ದರೆ ಏನಾಗುತ್ತಿತ್ತು ಎಂದು ಅಮ್ಮ ಕೇಳಿದ್ದಕ್ಕೆ ಡಾಕ್ಟರು, "ಅದನ್ನ ನೋಡೋ ಆಸೆ ಇತ್ತಾ ನಿಮಗೆ?" ಎಂದರಂತೆ.

ಮನೆಯಲ್ಲಿ ಮಾತು ಸತ್ತುಹೋಯಿತು. ಅಕ್ಕತಂಗಿ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು, ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. ಚೂಟಿಗೆ ಉಪ್ಪು ಬೇಕಾದರೆ ಅಮ್ಮನನ್ನು ಕೇಳುತ್ತಿದ್ದಳು, ಉಪ್ಪು ಅಕ್ಕನ ಕೈಗೆ ತಗಲುವಂತಿದ್ದರೂ. ಅಮ್ಮ ಇಬ್ಬರೊಂದಿಗೂ ಬೇಕಾದಷ್ಟೇ ಆಡುತ್ತಿದ್ದಳು. ಟೂರ್ನಿಯನ್ನು ಬೇರೆ ಯಾರೋ ಗೆದ್ದರು. ಆ ದಿನ ಚೂಟಿ ಹೊದಿಕೆ ಎಳೆದುಕೊಂಡು ಮಲಗಿದವಳು ಸಂಜೆಯವರೆಗೆ ಏಳಲಿಲ್ಲ. ಹದಿನೈದನೆಯ ದಿನ ಅಕ್ಕನ ಫಲಿತಾಂಶ ಬಂತು. ಪ್ರಾಕ್ಟಿಕಲ್ ಅಂಚಿನಲ್ಲಿ ಪಾರಾಗಿತ್ತು, ಬರವಣಿಗೆಯ ಒಂದು ಪೇಪರು ಉಳಿದುಕೊಂಡಿತ್ತು. ಅದನ್ನು ಮುಂದಿನ ತರಗತಿಯಲ್ಲಿದ್ದುಕೊಂಡೇ ಬರೆಯಬಹುದಿತ್ತು. ಚೂಟಿ ಆ ಹಾಳೆಯನ್ನು ದೂರದಿಂದಲೇ ಓದಿದ್ದು ಅಕ್ಕನಿಗೆ ಕಂಡಿತು.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಚೂಟಿ ಊರುಗೋಲಿನಲ್ಲಿ ಬಚ್ಚಲಿನಿಂದ ಬರುತ್ತಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಕಂಕುಳು ಸುಲಿದು ಕೆಂಪಾಗಿತ್ತು.

"ಉರೀತಿದೆ," ಎಂದಳು, ಗೋಡೆಗೆ ಹೇಳುವಂತೆ.

"ಕಂಕುಳ ಮೇಲೆ ಭಾರ ಬಿಡ್ಬಾರ್ದು. ಭಾರವೆಲ್ಲ ಕೈ ಮೇಲಿರ್ಬೇಕು. ತಾ ಇಲ್ಲಿ." ಅಕ್ಕ ಊರುಗೋಲನ್ನು ತೆಗೆದುಕೊಂಡು ಬುಡದ ಗುಂಡಿ ಒತ್ತಿ ಎರಡು ತೂತು ಗಿಡ್ಡ ಮಾಡಿದಳು. ಚೂಟಿ ಒಂಟಿ ಕಾಲಿನಲ್ಲಿ ಅಕ್ಕನ ಹೆಗಲು ಹಿಡಿದು ನಿಂತಿದ್ದಳು.

"ಅವತ್ತು ಬೆಳಿಗ್ಗೆ ನಿಂಗೆ ತುಂಬಾ ನೋವಿತ್ತಾ?"

"ಇತ್ತು."

"ನಂಗೆ ಗೊತ್ತಾಗಿತ್ತು," ಎಂದಳು ಚೂಟಿ. "ನೀನು ನಡೆಯೋದು ನೋಡಿದ್ದೆ. ಆದ್ರೂ ಆಡು ಅಂದೆ."

ಅಕ್ಕ ಇನ್ನೊಂದು ಊರುಗೋಲನ್ನೂ ಗಿಡ್ಡ ಮಾಡಿ ತಂಗಿಯ ಕೈಗಿತ್ತಳು. "ಭುಜ ಮೇಲೆತ್ತಬೇಡ. ಮೊದಲು ಕೋಲು, ಆಮೇಲೆ ಕಾಲು. ಹಾಂ, ಹಾಗೆ."

ಚೂಟಿ ಮಂಚದವರೆಗೆ ಹೋದಳು, ತಿರುಗಿದಳು, ಮತ್ತೆ ಬಾಗಿಲಿಗೆ ಬಂದಳು. "ನಾಳೆ ಮೆಟ್ಟಿಲು ಇಳಿಯೋದು ಹೇಳ್ಕೊಡ್ತೀಯಾ?" ಎಂದು ಕೇಳಿದಳು.

"ನಾಳೆ ಕ್ಲಾಸಿದೆ. ಸಂಜೆ ಬಂದ ಮೇಲೆ," ಎಂದಳು ಅಕ್ಕ.