ತಟ್ಟಿ ತೆರೆಯಬೇಕಾದ ಬಾಗಿಲು

ವೆನಿಲ್ಲಾ ವಾಸನೆ ಏಳಬೇಕಾದ ಹೊತ್ತಿಗೆ ಎದ್ದಿತು, ಮೊದಲು ಬೆಣ್ಣೆ, ಆಮೇಲೆ ಸಕ್ಕರೆ, ಆಮೇಲೆ ಮೊಟ್ಟೆಯ ಹಸಿವಾಸನೆ ಹೋಗಿ ವೆನಿಲ್ಲಾ, ಹದಿನೆಂಟನೇ ನಿಮಿಷ ಇರಬೇಕು, ಓವನ್ನಿನ ಗುಂಡಿ ಟಿಕ್ ಟಿಕ್ ಅನ್ನುತ್ತಾ ಹಿಂದಕ್ಕೆ ತಿರುಗುತ್ತಿದೆ, ಉಮಾವತಿ ಅದರೆದುರು ಮಣೆ ಹಾಕಿ ಕೂತಿದ್ದಾಳೆ, ಗಾಜಿನಾಚೆ ಕೆಂಪಗೆ ಕಾದ ಸರಳುಗಳು, ತಗಡಿನ ಡಬ್ಬಿಯಲ್ಲಿ ಹಿಟ್ಟು ಅಂಚಿನಿಂದ ಉಬ್ಬಿ ಬರುತ್ತಿದೆ, ನಡುವೆ ಇನ್ನೂ ಇಲ್ಲ, ನಡುವೆ ಯಾವಾಗಲೂ ಕೊನೆಗೆ — ಮಳೆ ಕಿಟಕಿಯ ಗ್ರಿಲ್ಲಿಗೆ ಬಡಿಯುತ್ತಿದೆ, ಡೊಂಬಿವಲಿಯಲ್ಲಿ ಮೂರು ದಿನದಿಂದ ಇದೇ ಮಳೆ, ಮನೆಯಲ್ಲಿ ಯಾರೂ ಇಲ್ಲ, ಯಾರೂ ಇರಬಾರದೆಂದು ಅವಳೇ ಮಾಡಿಕೊಂಡದ್ದು. ಗಂಡ ಜಯಶೀಲ ಕಲ್ಯಾಣದ ಹೋಟೆಲಿನ ಗಲ್ಲಾದಲ್ಲಿ, ಅತ್ತೆ ಊರಲ್ಲಿ, ಮಗಳು ಅಶ್ಮಿತಾಳನ್ನು ನೌಪಾಡಾದ ಚಿಕ್ಕಮ್ಮನ ಮನೆಗೆ ನಿನ್ನೆಯೇ ಕಳಿಸಿಯಾಗಿದೆ, ಇವತ್ತಿಗೆ ಹತ್ತು ತುಂಬುವ ಹುಡುಗಿ, ಸಂಜೆ ಚಿಕ್ಕಮ್ಮನ ಜೊತೆ ರೈಲು ಹತ್ತಿ ಬರುತ್ತಾಳೆ, ಅಷ್ಟರೊಳಗೆ ಕೇಕಾಗಬೇಕು. ಬಾಗಿಲಿಗೆ ಚಿಲಕ, ಕಿಟಕಿಗೂ ಚಿಲಕ. ಇವತ್ತು ಕೇಕಿನ ನಡುವೆ ಕುಳಿ ಬಿದ್ದರೆ ಅದು ಅಶ್ಮಿತಾಳ ಬೆರಳಲ್ಲ. ಬೀಳದಿದ್ದರೆ — ಬೀಳದಿದ್ದರೆ ಏನು ಅನ್ನುವುದನ್ನು ಅವಳು ಬೆಳಿಗ್ಗೆಯಿಂದ ಮುಂದಕ್ಕೆ ತಳ್ಳುತ್ತಲೇ ಇದ್ದಾಳೆ.

ಎಷ್ಟು ಕೇಕು ಮಾಡಿದ್ದೀಯ ಮಾರಾಯ್ತಿ, ಎಷ್ಟು ಹಾಳು ಮಾಡಿದ್ದೀಯ ಅಂತ ತನಗೇ ಹೇಳಿಕೊಂಡಳು, ಹುಚ್ಚು ಹಿಡಿದದ್ದು ಕುಕ್ಕರಿನಿಂದ, ತಳದಲ್ಲಿ ಉಪ್ಪು ಹರವಿ, ರಬ್ಬರು ಸೀಟಿ ಎರಡೂ ತೆಗೆದು, ಮೊಟ್ಟಮೊದಲ ಕೇಕು, ಬೇಕಿಂಗ್ ಪೌಡರಿನ ಬದಲು ಸೋಡಾ ಸುರಿದುಬಿಟ್ಟಿದ್ದಳು, ಜಯಶೀಲ ಒಂದು ತುಂಡು ಬಾಯಿಗಿಟ್ಟು ಇದು ತಿನ್ಲಿಕ್ಕಾ ಬಟ್ಟೆ ಒಗಿಲಿಕ್ಕಾ ಅಂದ, ಓವನ್ ಬಂದ ಮೇಲೆ ಲೋಡ್ ಶೆಡ್ಡಿಂಗಿನ ಕಾಟ, ಅರ್ಧ ಬೆಂದ ಹಿಟ್ಟು ಕರೆಂಟಿಗೆ ಕಾಯುತ್ತಾ ಕೂತು ಅತ್ತ ಕೇಕಲ್ಲ ಇತ್ತ ಹಲ್ವಾ ಅಲ್ಲ, ಅದನ್ನೂ ತಿಂದರು, ಸಕ್ಕರೆ ಪುಡಿಯ ಡಬ್ಬಿಗೆ ಇರುವೆ ಹೊಕ್ಕ ವರ್ಷ ಎಳ್ಳು ಹಾಕಿದ್ದೇನೆ ಅಂತ ಸುಳ್ಳು ಹೇಳಿದ್ದಳು. ಆದರೆ ಸರಿಯಾಗಿ ಬಂದ ದಿನದ ಸುಖವೇ ಬೇರೆ, ಮೂರು ಮಹಡಿ ಮೆಟ್ಟಿಲುದ್ದಕ್ಕೂ ವಾಸನೆ, ಕೆಳಗಿನ ಮನೆಯ ಜೋಶಿ ಕಾಕು ತಲೆ ಹೊರಗೆ ಹಾಕಿ ಕಾಯ ಗ ಉಮಾ, ಆಜ ಕಾಯ ಸ್ಪೆಷಲ್, ಇವತ್ತೇನು ವಿಶೇಷ ಅನ್ನುವುದು, ಅದನ್ನು ಕೇಳಲಿಕ್ಕೆಂದೇ ಅಡುಗೆಮನೆಯ ಕಿಟಕಿ ತೆರೆದಿಡುತ್ತಿದ್ದಳು. ಕಲಿಸಿದವರು ಶ್ರೀಮತಿ ಅಕ್ಕ, ಉಡುಪಿ ಕಡೆಯವರು, ತಮ್ಮ ಹಾಲಿನಲ್ಲೇ ಆರು ಜನ ಹೆಂಗಸರನ್ನು ಕೂರಿಸಿಕೊಂಡು, ನೋಡು ಉಮಾ, ಹೊರಗೆ ತೆಗೆದ ಕೂಡ್ಲೆ ನಡುವಲ್ಲಿ ಬೆರಳು ಒತ್ತಿ ನೋಡ್ಬೇಕು, ಬೆಂದಿದ್ರೆ ಕುಳಿ ತನ್ನಷ್ಟಕ್ಕೇ ಮೇಲೆ ಬರ್ತದೆ, ಬರ್ಲಿಲ್ವಾ, ಒಳಗೆ ಹಸಿ ಉಂಟು ಅಂತ ಲೆಕ್ಕ, ಮತ್ತೆ ಮಧ್ಯದಲ್ಲಿ ಬಾಗ್ಲು ಮಾತ್ರ ತೆಗಿಲೇಬೇಡ. ಮಧ್ಯದಲ್ಲಿ ಬಾಗಿಲು ತೆಗೆಯಬಾರದು — ಇದನ್ನು ಶ್ರೀಮತಿ ಅಕ್ಕನಿಗಿಂತ ಮೊದಲು ಬೇರೆಯವರ ಬಾಯಲ್ಲಿ ಕೇಳಿದ್ದಳು, ಅತ್ತೆಯ ಬಾಯಲ್ಲಿ, ಬೇರೆ ಬಾಗಿಲಿನ ಬಗ್ಗೆ.

ಆಷಾಢದ ಹೊತ್ತಿನ ಆಟಿ ತಿಂಗಳಲ್ಲಿ ಕುಲೆಗಳಿಗೆ ಬಡಿಸುವಾಗ, ಕುಲೆಗಳೆಂದರೆ ತೀರಿಹೋದ ಮನೆಯವರೇ, ಬೇರೆ ಯಾರೂ ಅಲ್ಲ, ಹೆದರುವಂಥದ್ದೇನಿದೆ ಅನ್ನುತ್ತಿದ್ದರು ಅತ್ತೆ, ಮಲಗುವ ಕೋಣೆ ಒರೆಸಿ ಬಾಳೆಲೆ ಹಾಕಿ ದೋಸೆ, ಕೋಳಿಸಾರು, ಲೋಟದಲ್ಲಿ ನೀರು, ಬಾಗಿಲು ಎಳೆದು ಹೊರಗೆ ಬಂದು ಎಲ್ಲರೂ ಮಾತಿಲ್ಲದೆ ಕೂರಬೇಕು, ಅಶ್ಮಿತಾಳನ್ನು ಮಾತ್ರ ಜೋಶಿ ಕಾಕುವಿನ ಮನೆಗೆ ದಾಟಿಸುತ್ತಿದ್ದರು, ಮಕ್ಕಳು ಇರಬಾರದು ಅಂತ, ಆಮೇಲೆ ಬಾಗಿಲಿಗೆ ಮೂರು ಸಲ ತಟ್ಟಿ ತೆರೆಯಬೇಕು, ತಟ್ಟದೆ ತೆಗೆದ್ರೆ ಅವ್ರು ಇನ್ನೂ ಉಣ್ತಾ ಇರ್ತಾರೆ, ನಾವು ನೋಡ್ಬಾರ್ದು. ಆ ವರ್ಷ ಆಟಿಯ ಬಡಿಸುವಿಕೆ ಮತ್ತು ಅಶ್ಮಿತಾಳ ಐದನೇ ಹುಟ್ಟುಹಬ್ಬ ಒಂದೇ ಸಂಜೆಗೆ ಬಿತ್ತು, ತೀರಿಹೋದ ಮಾವನಿಗೆ ಎಲೆ ಹಾಕುತ್ತಿದ್ದಾಗ ಉಮಾವತಿ ಧೈರ್ಯ ಮಾಡಿ ಕೇಳಿಯೇಬಿಟ್ಟಿದ್ದಳು, ಅತ್ತೇ, ಅವನಿಗೂ ಒಂದು ಎಲೆ ಹಾಕುವಾ. ಅವನಿಗೆ. ಅಶ್ಮಿತಾಳಿಗಿಂತ ಹತ್ತು ನಿಮಿಷ ಮೊದಲು ಹುಟ್ಟಿ ಆರೇ ದಿನ ಇದ್ದ ಅವಳಿಜವಳಿ, ಹೆಸರಿಡುವ ಮೊದಲೇ ಹೋದವನು, ಹೆಸರೇನೋ ಗೊತ್ತುಮಾಡಿಯಾಗಿತ್ತು, ಒಬ್ಬಳು ಅಶ್ಮಿತಾ ಒಬ್ಬ ಅಕ್ಷಿತ್, ಆ ಹೆಸರನ್ನು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ. ಹಲ್ಲು ಬಾರದ ಕೂಸಿಗೆ ಎಲೆ ಹಾಕುವ ಕ್ರಮ ಇಲ್ಲ ಅಂದರು ಅತ್ತೆ, ಅವನೇನು ತಿಂತಾನೆ. ಸರಿ, ಎಲ್ಲರ ಜೊತೆ ಹೊರಗೆ ಬಂದು ಕೂತಳು, ಹೊತ್ತಾದ ಮೇಲೆ ಕೋಣೆಯ ಬಾಗಿಲಿಗೆ ಮೂರು ಸಲ ತಟ್ಟಿದ್ದು ಅವಳೇ, ಅಷ್ಟರಲ್ಲಿ ಅಡುಗೆಮನೆಯಲ್ಲಿ ಓವನ್ ಟಿಂಗ್ ಅಂದಿತು, ಓಡಿದಳು, ಆ ಗಡಿಬಿಡಿಯಲ್ಲಿ ಅದೇ ಕೈ, ಅದೇ ಬೆರಳಗೆಣ್ಣು, ಓವನ್ನಿನ ಗಾಜಿಗೂ ಮೂರು ಸಲ ತಟ್ಟಿಬಿಟ್ಟಿತು. ತಟ್ಟಿದ ಮೇಲೆ ಗೊತ್ತಾಯಿತು. ನಗು ಬಂತು, ನಗುತ್ತಲೇ ಡಬ್ಬಿಯನ್ನು ಮೇಜಿಗಿಟ್ಟು ದೀಪ ಹಚ್ಚಲು ಹೋಗಿ, ಅಷ್ಟರಲ್ಲಿ ಅಶ್ಮಿತಾಳೂ ಕೆಳಗಿನಿಂದ ಬಂದಿದ್ದಳು, ತಿರುಗಿ ಬಂದರೆ ಕೇಕಿನ ನಟ್ಟನಡುವೆ ಒಂದು ಕುಳಿ, ಪುಟ್ಟ ತೋರುಬೆರಳು ಒತ್ತಿದಷ್ಟು, ಆಗಲೇ ತಣ್ಣಗಾಗಿ ಹಾಗೇ ನಿಂತ ಕುಳಿ.

ಅದರ ಮುಂದಿನ ವರ್ಷ ಬೇಕೆಂದೇ ತಟ್ಟಿದಳು, ಅದರ ಮುಂದಿನ ವರ್ಷವೂ, ಹೀಗೆ ನಾಲ್ಕು ವರ್ಷ, ಪ್ರತಿ ಸಲ ಕುಳಿ, ಪ್ರತಿ ಸಲ ಒಂದಿಷ್ಟು ದೊಡ್ಡದು, ಊರಲ್ಲಿ ಹೇಳುವುದಿಲ್ಲವೇ, ತೀರಿಹೋದ ಮಕ್ಕಳೂ ಬೆಳೆಯುತ್ತವೆ, ಪ್ರಾಯಕ್ಕೆ ಬಂದರೆ ಅವಕ್ಕೂ ಸಂಬಂಧ ನೋಡಿ ಮದುವೆ ಮಾಡುತ್ತಾರೆ. ಅವಳು ಕುಳಿಗೆ ಕೆನೆ ತುಂಬಿ ಮೇಲೆ ಅಶ್ಮಿತಾ ಅಂತ ಬರೆದು, ಕತ್ತರಿಸಿದ ಮೇಲೆ ಆ ನಡುವಿನ ತುಂಡನ್ನು ಯಾರಿಗೂ ಕೊಡದೆ ತಾನೇ ತಿನ್ನುತ್ತಿದ್ದಳು, ಬೇರೆ ಯಾವ ತುಂಡೂ ಅವಳಿಗೆ ಅಷ್ಟು ರುಚಿಯಾದದ್ದಿಲ್ಲ. ಹೋದ ವರ್ಷ ಮಾತ್ರ ಏನನ್ನಿಸಿತೋ, ಅಶ್ಮಿತಾಳ ಬೆರಳು ಹಿಡಿದೆಳೆದು ಕುಳಿಗೆ ಒತ್ತಿ ನೋಡಿದಳು. ಸರಿಯಾಗಿ ಕೂತಿತು. ಮೈನೇ ನಹೀಂ ಕಿಯಾ ಅಮ್ಮಾ, ಕಸಮ್ ಸೇ, ತಾನಲ್ಲವೆಂದು ಆಣೆ ಹಾಕಿ ಹುಡುಗಿ ಬಿಕ್ಕಿಬಿಕ್ಕಿ ಅತ್ತಳು, ಜಯಶೀಲ ಸಿಟ್ಟಾದ, ನಿನ್ನ ಕೇಕು ಕೂತ್ರೆ ಅದಕ್ಕೆ ಮಗುವನ್ನು ಯಾಕೆ ಅಳಿಸ್ತಿ, ಮುಂದಿನ ವರ್ಷ ಇನ್ನೊಂದು ಸಲ ಹೀಗಾದ್ರೆ ಈ ಓವನ್ ಡಬ್ಬವನ್ನು ಭಂಗಾರದವನಿಗೆ, ಗುಜರಿಗೆ ಹಾಕ್ತೇನೆ, ಬೇಕರಿಯಲ್ಲಿ ಸಿಕ್ಕುದಿಲ್ವಾ ಕೇಕು. ಆಗಲಿ ಅಂದಿದ್ದಳು. ಅವಳಿಗೂ ತಿಳಿಯಬೇಕಿತ್ತು, ಈ ಮನೆಯಲ್ಲಿ ಕೇಕಿಗೆ ಬೆರಳು ಹಾಕುತ್ತಿರುವುದು ಅವಳ ಮಗಳೋ ಮಗನೋ.

ಟಿಂಗ್. ತಟ್ಟಬಾರದು, ಇವತ್ತು ತಟ್ಟಬಾರದು ಅಂತ ಬೆಳಿಗ್ಗೆಯೇ ನಿಶ್ಚಯಿಸಿದ್ದಳು, ಎಲ್ಲವೂ ಕ್ಲೀನಾಗಿರಬೇಕು, ಕೈ ಗಾಜಿನವರೆಗೆ ಹೋಯಿತು, ಹಿಂದಕ್ಕೆ ಎಳೆದುಕೊಂಡಳು, ಬಟ್ಟೆ ಹಿಡಿದು ಬಾಗಿಲನ್ನು ಒಂದೇ ಸಲಕ್ಕೆ ಇಳಿಸಿದಳು. ಬಿಸಿ ಮುಖಕ್ಕೆ ಹೊಡೆಯಿತು. ಕೇಕು ದುಂಡಗೆ, ಹೊಂಬಣ್ಣಕ್ಕೆ, ನಡುವೆ ಚೆನ್ನಾಗಿ ಉಬ್ಬಿ, ಒಂದು ಬಿರುಕಿಲ್ಲ, ಒಂದು ತಗ್ಗಿಲ್ಲ, ಶ್ರೀಮತಿ ಅಕ್ಕ ಕಂಡರೆ ಬೆನ್ನು ತಟ್ಟುತ್ತಿದ್ದರು, ಮೇಜಿನ ಮೇಲಿಟ್ಟು ಅದರೆದುರು ನಿಂತು ನೋಡಿದಳು, ಇನ್ನೂ ನೋಡಿದಳು, ಕುಳಿ ಇಲ್ಲ, ಅವಳಿಗೆ ಅಳು ಬಂತು, ಜೋರಾಗಿಯೇ ಅತ್ತಳು, ಅಂದರೆ ಇಷ್ಟು ವರ್ಷ ಅದು ತುಂಟ ಹುಡುಗಿಯ ಬೆರಳು, ಅಷ್ಟೇ, ಅವನು ಬಂದೇ ಇರಲಿಲ್ಲ, ಯಾವತ್ತೂ ಬಂದಿರಲಿಲ್ಲ — ಅಥವಾ ತಟ್ಟದೆ ತೆಗೆದದ್ದಕ್ಕೆ ಬೆಚ್ಚಿ ಎದ್ದುಹೋದನೋ, ಹತ್ತು ವರ್ಷದ ಹುಡುಗ, ಅವನ ಹುಟ್ಟುಹಬ್ಬವೂ ಇವತ್ತೇ, ಅರ್ಧ ಊಟದಲ್ಲಿ ಎಬ್ಬಿಸಿದಳಲ್ಲ ತಾಯಿ. ಫ್ರಿಜ್ಜಿನ ಮೇಲೆ ಬಾಳೆಲೆ ಇತ್ತು, ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಕೊಂಡದ್ದು, ಯಾಕೆ ಕೊಂಡೆ ಅಂತ ತನಗೇ ಹೇಳಿಕೊಂಡಿರಲಿಲ್ಲ. ಎಲೆ ಒರೆಸಿದಳು, ಕೇಕನ್ನು ಬಿಸಿಬಿಸಿಯಾಗಿಯೇ ಅದರ ಮೇಲಿಟ್ಟಳು, ಲೋಟದಲ್ಲಿ ನೀರು, ಬೆಂದಿದೆಯೋ ಅಂತ ಬೆರಳೊತ್ತಿ ನೋಡಲಿಲ್ಲ, ಉಣ್ಲ ಮಗಾ, ಉಣ್ಣು, ಹತ್ತು ವರ್ಷಕ್ಕೆ ಮೊದಲ ಸಲ ಗಂಟಲು ಬಿಟ್ಟು, ಅಕ್ಷಿತ್, ಉಣ್ಲ ಅಂದು ಅಡುಗೆಮನೆಯ ಬಾಗಿಲೆಳೆದು ಹೊರಗೆ ಬಂದು ಕೂತಳು.

ಎಷ್ಟು ಹೊತ್ತು, ಮೂರು ನಿಮಿಷವೋ ನಾಲ್ಕೋ, ಬೆಲ್ಲು, ಅಮ್ಮಾ ಖೋಲೋ ನಾ, ಪೂರೀ ಭೀಗ್ ಗಯೀ, ಚಿಲಕ ತೆಗೆದರೆ ಅಶ್ಮಿತಾ, ಇಷ್ಟು ಬೇಗ, ಟ್ರೇನ್ ಜಲ್ದೀ ಮಿಲ್ ಗಯೀ, ಚಿಕ್ಕಮ್ಮಾ ನೀಚೇ ಮೋಮ್‌ಬತ್ತೀ ಲೇ ರಹೀ ಹೈ, ಚಿಕ್ಕಮ್ಮ ಕೆಳಗೆ ಮೇಣದಬತ್ತಿ ಕೊಳ್ಳುತ್ತಾ ನಿಂತಿದ್ದಾಳಂತೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ, ಕೂದಲಿಂದ ನೀರು, ಮುಚ್ಚಿದ ಅಡುಗೆಮನೆಯನ್ನು ನೋಡಿ ಹುಡುಗಿ ನಿಂತಳು. ಕೊಡೆ ಚೀಲ ಕೆಳಗಿಟ್ಟು ಹೋಗಿ ಬಾಗಿಲಿಗೆ ತಟ್ಟಿದಳು, ಒಂದು, ಎರಡು, ಮೂರು, ತಟ್ಟಿ ಪಕ್ಕಕ್ಕೆ ಸರಿದಳು, ಒಳಗಿಂದ ಬರುವವರಿಗೆ ದಾರಿ ಬಿಟ್ಟ ಹಾಗೆ — ಇದನ್ನು ನಿನಗೆ ಯಾರು ಹೇಳಿಕೊಟ್ಟರು ಮಗಾ, ಎಂದು ಕೇಳುವ ಬದಲು ಉಮಾವತಿ ಮಗಳ ಎರಡೂ ಕೈಗಳನ್ನು ತನ್ನ ಕೈಯೊಳಗೆ ಹಿಡಿದುಕೊಂಡಳು, ಮಳೆಗೆ ತಣ್ಣಗಾದ ಹತ್ತೂ ಬೆರಳು, ಮೊಣಕೈಯಿಂದ ಬಾಗಿಲು ದೂಡಿದಳು, ಎಲೆ ಇತ್ತು, ಲೋಟ ಇತ್ತು, ಬಿಸಿ ಇನ್ನೂ ಏಳುತ್ತಿತ್ತು, ಕೇಕಿನ ನಟ್ಟನಡುವೆ ಕುಳಿ, ಆಳವಾಗಿ ಒತ್ತಿದ ಕುಳಿ, ಅವಳ ಕಣ್ಣೆದುರೇ ಅದು ತನ್ನಷ್ಟಕ್ಕೇ ಮೇಲೆ ಬರುತ್ತಿತ್ತು, ಈಗ ತಾನೇ ಬೆರಳು ತೆಗೆದ ಕುಳಿ, ಚೆನ್ನಾಗಿ ಬೆಂದಿದೆ, ಮೆಲ್ಲಗೆ, ಮೇಲೆ ಬರುತ್ತಿತ್ತು, ಕುಳಿ, ಈಗ ತಾನೇ, ಬೆರಳು ತೆಗೆದ —